ಡಿಸ್ಚಾರ್ಜ್ ಚೀಟಿ ಮನೆಯವರಿಗೂ ಅರ್ಥ ಆಗುವ ಹಾಗೆ ಬರೆಯೋಕೆ ಆಗಲ್ವಾ?

ಮಾನ್ವಿ ಅಳಿಯ:
"ಕೆ/ಸಿ/ಒ ಟಿ2ಡಿಎಂ, ಎಚ್‌ಟಿಎನ್. ಸಿ/ಒ ಎಸ್‌ಒಬಿ, ಪೆಡಲ್ ಎಡಿಮಾ. 2ಡಿ ಎಕೋ: ಎಲ್‌ವಿಇಎಫ್ 35%. ಅಡ್ವೈಸ್: ಫ್ಲೂಯಿಡ್ ರಿಸ್ಟ್ರಿಕ್ಷನ್ 1.5 ಲೀ, ಸಾಲ್ಟ್ ರಿಸ್ಟ್ರಿಕ್ಟೆಡ್ ಡಯಟ್, ಡೈಲಿ ವೇಟ್. ರಿವ್ಯೂ ಆಫ್ಟರ್ 2 ವೀಕ್ಸ್ / ಎಸ್‌ಒಎಸ್."

ನಮ್ಮ ಮಾವನವರ ಡಿಸ್ಚಾರ್ಜ್ ಚೀಟಿಯಲ್ಲಿ ಇರುವುದು ಇಷ್ಟು. ಇಂಗ್ಲಿಷ್‌ನಲ್ಲಿ ಇದ್ದದ್ದನ್ನೇ ಕನ್ನಡ ಅಕ್ಷರದಲ್ಲಿ ಹಾಕಿದ್ದೇನೆ. ದವಾಖಾನೆ ಯಾವುದು ಅಂತ ಕೇಳಬೇಡಿ, ಚಿಕಿತ್ಸೆ ಚೆನ್ನಾಗೇ ಕೊಟ್ಟರು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಈ ಕಾಗದದ ಮೇಲೆ. ನಾನು ಬಿಕಾಂ ಓದಿದವನು, ನನಗೇ ಅರ್ಧ ತಿಳಿಯಲಿಲ್ಲ. ಮನೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದದ್ದು 35% ಅನ್ನುವುದೊಂದೇ. ಹಾರ್ಟು ನೂರಕ್ಕೆ ಮೂವತ್ತೈದೇ ಉಳಿದಿದೆ ಅಂತ ಅತ್ತೆ ಅಳೋಕೆ ಶುರು ಮಾಡಿದರು. ಅದರ ಕೆಳಗೇ ಇದ್ದ 1.5 ಲೀಟರ್ ಅನ್ನುವುದನ್ನು ಯಾರೂ ಓದಲಿಲ್ಲ. ಬೇಸಿಗೆಯಲ್ಲಿ ನಮ್ಮ ರಾಯಚೂರು ಕಡೆ ಬಿಸಿಲು ಹೇಗಿರುತ್ತೆ ಅಂತ ಗೊತ್ತಲ್ಲ. ಮಾತಾಡಿಸೋಕೆ ಬಂದವರೆಲ್ಲ "ಬಿಸಿಲು ಭಾಳ ಐತಿ, ನೀರು ಕುಡೀರಿ" ಅಂತ ತಂಬಿಗೆ ಕೈಗೆ ಕೊಡುವವರೇ. ಮೇಲೆ ಉಪ್ಪು ಹಾಕಿದ ಮಜ್ಜಿಗೆ. ವಾರದೊಳಗೆ ಕಾಲು ಮತ್ತೆ ಬಾತುಕೊಂಡು ವಾಪಸ್ ಕರೆದುಕೊಂಡು ಹೋಗಬೇಕಾಯಿತು.

ಈ ಚೀಟಿ ಯಾರಿಗೋಸ್ಕರ ಬರೆಯುತ್ತಾರೆ? ದವಾಖಾನೆಯಲ್ಲಿ ಕೆಲಸ ಮಾಡುವವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ.

ಕುಷ್ಟಗಿ ಟು ಬೆಂಗಳೂರು:
ಯಾರಿಗೋಸ್ಕರ ಅಂದ್ರೆ, ಫೈಲಿಗೋಸ್ಕರ ಅಣ್ಣಾ.

ಬಳ್ಳಾರಿ ಹೌಸ್ ಸರ್ಜನ್:
ಫೈಲಿಗೋಸ್ಕರ ಅನ್ನುವುದು ತಮಾಷೆಗೆ ಹೇಳಿದ್ದಾದರೂ ಸುಳ್ಳಲ್ಲ. ನಾನು ದಿನಾ ಇಂಥ ಚೀಟಿ ಬರೆಯುವವನು. ಮೂರು ಜನರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತೇವೆ. ಒಬ್ಬರು, ಈ ರೋಗಿಯನ್ನು ಮುಂದೆ ನೋಡುವ ಡಾಕ್ಟರು. ಇನ್ನೊಬ್ಬರು, ನಾಳೆ ರೌಂಡ್ಸ್‌ನಲ್ಲಿ ಇದನ್ನು ನೋಡಿ ಬೈಯುವ ನಮ್ಮ ಸರ್. ಮತ್ತೊಬ್ಬರು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ದುಡ್ಡು ಮಂಜೂರು ಮಾಡಲು ಚೀಟಿ ಕೇಳುವವರು. ರೋಗಿ ಈ ಮೂವರಲ್ಲಿ ಇಲ್ಲ. ಬರೆಯುವ ಹೊತ್ತು ಎಂಥದ್ದು ಅಂದರೆ, ಆ ಮಂಚಕ್ಕೆ ಬರಬೇಕಾದ ಇನ್ನೊಬ್ಬ ರೋಗಿ ಹೊರಗೆ ಸ್ಟ್ರೆಚರ್ ಮೇಲೆ ಮಲಗಿರುತ್ತಾರೆ, ಮನೆಯವರು "ಸಾರ್, ಬಸ್ ಹೋಗ್ತದ" ಅಂತ ಬಾಗಿಲಲ್ಲಿ ನಿಂತಿರುತ್ತಾರೆ.

ನಿಮ್ಮ ಮಾವನವರ 35%ಗೆ ಬರೋಣ. ಹಾರ್ಟು ಒಂದು ಸಲ ಬಡಿದಾಗ ಎಡಭಾಗದ ಕೋಣೆಯಲ್ಲಿರುವ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಅದು. ಗಟ್ಟಿಮುಟ್ಟಾದ ಹಾರ್ಟು ಕೂಡ ನೂರಕ್ಕೆ ನೂರು ತಳ್ಳುವುದಿಲ್ಲ, ಸುಮಾರು 55ರಿಂದ 70 ಅಷ್ಟೇ. ಹಾಗಾಗಿ 35 ಅನ್ನುವುದನ್ನು 100ರ ಜೊತೆ ಹೋಲಿಸಬಾರದು, 60ರ ಆಸುಪಾಸಿನ ಜೊತೆ ಹೋಲಿಸಬೇಕು. ಕಡಿಮೆ ಹೌದು, ಹುಷಾರಾಗಿರಬೇಕು ಹೌದು. ಆದರೆ ಸರಿಯಾಗಿ ಗುಳಿಗೆ ತೆಗೆದುಕೊಂಡು ಉಪ್ಪು, ನೀರು ಹಿಡಿತದಲ್ಲಿಟ್ಟವರಲ್ಲಿ ಎಷ್ಟೋ ಜನಕ್ಕೆ ಇದು ಏರಿದ್ದೂ ಇದೆ. ಇದನ್ನು ಹೇಳೋಕೆ ಒಂದು ನಿಮಿಷ ಸಾಕು. ಯಾರೋ ಹೇಳಿರಬಹುದು ಕೂಡ. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಕೇಳಿಸಿಕೊಂಡದ್ದು ಯಾರಿಗೂ ನೆನಪಿರುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಈ ಚುಟುಕು ಅಕ್ಷರಗಳು ನಮ್ಮನ್ನೂ ಕಾಡುತ್ತವೆ. ಎಂಎಸ್ ಅಂತ ಹಾರ್ಟಿನವರು ಬರೆದರೆ ಕವಾಟದ ತೊಂದರೆ, ನರದವರು ಬರೆದರೆ ಬೇರೆಯೇ ಕಾಯಿಲೆ. ಪಿಐಡಿ ಅಂತ ಮೂಳೆ ವಿಭಾಗದಲ್ಲಿ ಬರೆದರೆ ಬೆನ್ನಿನ ಡಿಸ್ಕು, ಹೆರಿಗೆ ವಿಭಾಗದಲ್ಲಿ ಬರೆದರೆ ಗರ್ಭಕೋಶದ ಸೋಂಕು.

ಲಿಂಗಸುಗೂರು ಮಾಸ್ತರ್:
ಇಷ್ಟೆಲ್ಲ ತಾಪತ್ರಯ ಯಾಕೆ? ಕನ್ನಡದಲ್ಲಿ ಬರೆದರೆ ಮುಗಿಯಿತಲ್ಲ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಚೀಟಿ ಕನ್ನಡದಲ್ಲಿ ಬರೆಯಬೇಕು ಅಂತ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಆಗ ಕೆಲವು ಡಾಕ್ಟರುಗಳು ಬರೆದೂ ತೋರಿಸಿದರು. ಮನಸ್ಸಿದ್ದರೆ ಆಗುತ್ತದೆ.

ಬಳ್ಳಾರಿ ಹೌಸ್ ಸರ್ಜನ್:
ಮಾಸ್ತರ್, ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ, ಆದರೆ ಪೂರ್ತಿ ಫೈಲು ಕನ್ನಡಕ್ಕೆ ತಿರುಗಿಸಿದರೆ ಪೆಟ್ಟು ಬೀಳುವುದು ನಮ್ಮ ಜನಕ್ಕೇ. ರಾಯಚೂರಿನಿಂದ ಸೀರಿಯಸ್ ಆದವರು ಹೈದರಾಬಾದಿಗೆ, ಕರ್ನೂಲಿಗೆ ಹೋಗುತ್ತಾರೆ. ಗುಳೆ ಹೋದವರು ಪುಣೆಯಲ್ಲೋ ಗೋವಾದಲ್ಲೋ ಇರುತ್ತಾರೆ. ಅರ್ಧರಾತ್ರಿ ಅಲ್ಲಿಯ ಡಾಕ್ಟರ ಕೈಗೆ ಕನ್ನಡದ ಚೀಟಿ ಕೊಟ್ಟರೆ ಅವರು ಏನು ಮಾಡಬೇಕು? ಎಲ್‌ವಿಇಎಫ್ 35% ಅನ್ನುವುದು ಎಲ್ಲಿ ಹೋದರೂ ಒಂದೇ ಅರ್ಥ ಕೊಡುತ್ತದೆ. ಅದನ್ನು ಹಾಗೇ ಬಿಡಿ.

ಮಸ್ಕಿ ಆಶಾ:
ಹೌದು ಸರ್. ನಮ್ಮ ತಾಂಡಾದಲ್ಲಿ ಕನ್ನಡ ಓದಲು ಬಾರದವರೇ ಜಾಸ್ತಿ. ಗಡಿ ಹಳ್ಳಿಗಳಲ್ಲಿ ತೆಲುಗು. ಪುಸ್ತಕದ ಕನ್ನಡದಲ್ಲಿ "ದ್ರವಾಹಾರ ನಿರ್ಬಂಧ" ಅಂತ ಬರೆದು ಕೊಟ್ಟರೆ ಅದೂ ಒಂದೇ, ಇಂಗ್ಲಿಷೂ ಒಂದೇ. ನಮ್ಮ ಕೈಯಲ್ಲಿರುವ ತಾಯಿ ಕಾರ್ಡ್ ನೋಡಿ. ಅದರಲ್ಲಿ ಚಿತ್ರ ಇದೆ, ಹೆರಿಗೆ ತಾರೀಖಿಗೆ ಒಂದು ಜಾಗ, ಬಿಪಿಗೆ ಒಂದು, ರಕ್ತಕ್ಕೆ ಒಂದು, ತೂಕಕ್ಕೆ ಒಂದು. ಓದಲು ಬಾರದ ಹೆಣ್ಣುಮಕ್ಕಳು ಕೂಡ "ಅಕ್ಕಾ, ರಕ್ತ ಎಷ್ಟು ಬಂತು" ಅಂತ ಬೆರಳಿಟ್ಟು ಕೇಳುತ್ತಾರೆ. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಬಂದರೆ ತಡ ಮಾಡಬಾರದು ಅಂತ ಈಗ ಅತ್ತೆಯಂದಿರಿಗೂ ಗೊತ್ತು. ಅವರಿಗೆ ಯಾರೂ ಹಿಮೋಗ್ಲೋಬಿನ್ ಅಂದ್ರೇನು ಅಂತ ಪಾಠ ಮಾಡಿಲ್ಲ. ತಿಂಗಳು ತಿಂಗಳು ಅದೇ ಜಾಗದಲ್ಲಿ ಅದೇ ನಂಬರು ನೋಡಿ ನೋಡಿ ಕಲಿತರು.

ಇನ್ನು ಲ್ಯಾಬ್ ರಿಪೋರ್ಟು. ನೆಗೆಟಿವ್ ಅಂತ ಬಂದರೆ ಕೆಟ್ಟದ್ದು, ಪಾಸಿಟಿವ್ ಅಂದರೆ ಒಳ್ಳೆಯದು ಅಂದುಕೊಂಡು ಅತ್ತವರನ್ನೂ ನೋಡಿದ್ದೇನೆ, ಖುಷಿ ಪಟ್ಟವರನ್ನೂ ನೋಡಿದ್ದೇನೆ.

ಕೊಪ್ಪಳ ಸಿಸ್ಟರ್:
ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಅಂತ ಇದ್ದರೆ ಕ್ಯಾನ್ಸರಿನ ಒಂದನೇ ಸ್ಟೇಜು ಅಂದುಕೊಂಡು ಬರುವವರನ್ನು ಕೇಳಿ. ಲಿವರಿನಲ್ಲಿ ಸ್ವಲ್ಪ ಕೊಬ್ಬು ಸೇರಿದೆ ಅಂತ ಹೇಳಿದರೆ ಆಯಿತು, ಅಷ್ಟಕ್ಕೆ ಮನೆಮಂದಿ ಊಟ ಬಿಟ್ಟು ಕೂತಿರುತ್ತಾರೆ.

ಸಿರುಗುಪ್ಪ ಮೆಡಿಕಲ್:
ಚೀಟಿ ಕೊನೆಗೆ ಬರುವುದು ನಮ್ಮ ಕೌಂಟರಿಗೆ. ನಾವು ನೋಡುವುದನ್ನು ಹೇಳುತ್ತೇನೆ.

1-0-1 ಅನ್ನುವುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. "ಬಿಡಿ" (ದಿನಕ್ಕೆ ಎರಡು ಸಲ), "ಟಿಡಿಎಸ್" (ದಿನಕ್ಕೆ ಮೂರು ಸಲ) ಅಂತ ಬರೆದಿದ್ದನ್ನು ನಾವೇ ಕವರಿನ ಮೇಲೆ ಗೀಟು ಹಾಕಿ ಕೊಡುತ್ತೇವೆ. ಕಷ್ಟ ಬರುವುದು ದಿನಾ ಅಲ್ಲದ ಗುಳಿಗೆಯಲ್ಲಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತದ ಕಣ ಕುಸಿದು ಜೀವಕ್ಕೇ ಬರುತ್ತದೆ. ಚೀಟಿಯಲ್ಲಿ "ಒನ್ಸ್ ವೀಕ್ಲಿ" ಅಂತ ಸಣ್ಣಗೆ ಇರುತ್ತದೆ. ನಾನು ಕವರಿನ ಮೇಲೆ "ಸೋಮವಾರ ಮಾತ್ರ" ಅಂತ ದಪ್ಪ ಪೆನ್ನಿನಲ್ಲಿ ಬರೆಯುತ್ತೇನೆ, ಯಾವ ವಾರ ಬೇಕು ಅಂತ ಅವರನ್ನೇ ಕೇಳಿ ಬರೆಯುತ್ತೇನೆ, ಸಂತೆ ದಿನ ಆದರೆ ಮರೆಯುವುದಿಲ್ಲ. ವಿಟಮಿನ್ ಡಿ 60,000ದ ಪ್ಯಾಕೆಟ್ಟೂ ವಾರಕ್ಕೊಂದೇ. ಅದನ್ನು ದಿನಾ ಹಾಲಿಗೆ ಹಾಕಿ ಕುಡಿಯುವವರಿದ್ದಾರೆ.

ಎರಡನೆಯದು, ಒಂದೇ ಔಷಧಿ ಎರಡು ಹೆಸರಲ್ಲಿ. ಬಿಪಿಗೆ ಟೆಲ್ಮಿಸಾರ್ಟನ್ ಮೊದಲೇ ತೆಗೆದುಕೊಳ್ಳುತ್ತಿರುತ್ತಾರೆ. ದವಾಖಾನೆಯಲ್ಲಿ ಅದನ್ನೇ ಬೇರೆ ಕಂಪನಿ ಹೆಸರಲ್ಲಿ ಬರೆದುಕೊಟ್ಟಿರುತ್ತಾರೆ. ಮನೆಗೆ ಹೋಗಿ ಹಳೆಯದು ಒಂದು, ಹೊಸದು ಒಂದು. ಎದ್ದು ನಿಂತರೆ ತಲೆ ತಿರುಗಿ ಬೀಳುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಏನು ತೆಗೆದುಕೊಳ್ಳಬೇಕು ಅಂತ ಇರುತ್ತದೆ. ಏನು ನಿಲ್ಲಿಸಬೇಕು ಅಂತ ಇರುವುದೇ ಇಲ್ಲ! ನನ್ನ ಕೇಳಿದರೆ ಮೊದಲ ಸಾಲೇ ಅದಾಗಬೇಕು.

ಮೂರನೆಯದು ಇನ್ಸುಲಿನ್. 10 ಅಂತ ಬರೆದು ಪಕ್ಕದಲ್ಲಿ ಯುನಿಟ್‌ಗೆ ಇಂಗ್ಲಿಷಿನ ಯು ಅಕ್ಷರ ಗೀಚಿದರೆ ಅದು ಸೊನ್ನೆ ಥರ ಕಾಣುತ್ತದೆ. ಹತ್ತು ಹೋಗಿ ನೂರಾದರೆ ಕಥೆ ಮುಗಿಯಿತು. ಸೂಜಿಯೂ ಅಷ್ಟೇ. ನಮ್ಮಲ್ಲಿ ಜಾಸ್ತಿ ಸಿಗುವ ಇನ್ಸುಲಿನ್ ಬಾಟಲಿ ಒಂದು ಎಂಎಲ್‌ಗೆ 40 ಯುನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯುನಿಟ್ಟಿನ ಬಾಟಲಿಗೆ. ಅದಲು ಬದಲಾದರೆ ಡೋಸು ಎರಡೂವರೆ ಪಟ್ಟು ಹೆಚ್ಚುಕಡಿಮೆ. ಇದನ್ನು ಯಾವ ಚೀಟಿಯಲ್ಲೂ ಬರೆದದ್ದು ನಾನು ನೋಡಿಲ್ಲ. ಕೆಂಪು ಮುಚ್ಚಳ ಅಂತ ಒಂದು ಮಾತು ಹಾಕಿದರೆ ಏನು ಹೋಗುತ್ತದೆ?

ಗಂಗಾವತಿ ವಕೀಲ:
ಕಾನೂನು ಏನು ಹೇಳುತ್ತದೆ ಅಂತಲೂ ಇರಲಿ. 2002ರ ವೈದ್ಯಕೀಯ ಮಂಡಳಿಯ ನಡತೆ ನಿಯಮದಲ್ಲಿ, ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಅಥವಾ ರೋಗಿ ಒಪ್ಪಿದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಿದೆ. 2016ರಲ್ಲಿ ಅದೇ ನಿಯಮಕ್ಕೆ ತಿದ್ದುಪಡಿ ತಂದು, ಔಷಧಿಯ ಜೆನೆರಿಕ್ ಹೆಸರನ್ನು ಓದಲು ಬರುವ ಹಾಗೆ, ಆದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂದರು. ಖಾಸಗಿ ಆಸ್ಪತ್ರೆಗಳಿಗೆ ನಮ್ಮ ರಾಜ್ಯದ ಕೆಪಿಎಂಇ ಕಾಯ್ದೆ ಇದೆ, 2007ರದ್ದು. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕಿನ ಪಟ್ಟಿ ಸೇರಿತು.

ಕೋರ್ಟಿನವರೆಗೆ ಹೋದ ವಿಷಯ ಅಂದರೆ ಒಪ್ಪಿಗೆ ಪತ್ರ. 2008ರಲ್ಲಿ ಸಮೀರಾ ಕೊಹ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಗರ್ಭಕೋಶ ತೆಗೆಯಲು ಕೊಟ್ಟ ಒಪ್ಪಿಗೆ ಅನ್ನೋಕೆ ಬರುವುದಿಲ್ಲ, ಏನು ಮಾಡುತ್ತೇವೆ, ಅಪಾಯ ಏನು, ಬೇರೆ ದಾರಿ ಏನಿದೆ ಅಂತ ಮೊದಲೇ ತಿಳಿಸಬೇಕು ಅಂತ ಹೇಳಿತು. ನಮ್ಮ ಕಡೆ ನೋಡಿ. ರೋಗಿಯನ್ನು ಹುಬ್ಬಳ್ಳಿಗೋ ಹೈದರಾಬಾದಿಗೋ ಕರೆದೊಯ್ಯುವ ಆತುರದಲ್ಲಿ "ಇಲ್ಲಿ ಸಹಿ ಮಾಡಿ" ಅಂದ ಕೂಡಲೇ ಮಾಡುತ್ತಾರೆ. ಡಾಕ್ಟರ ಸಲಹೆ ಮೀರಿ ನಾವೇ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಅದರಲ್ಲಿ ಇರುತ್ತದೆ. ಓದಿದವರೂ ಓದುವುದಿಲ್ಲ.

ಮಾನ್ವಿ ಅಳಿಯ:
ವಕೀಲರೇ, ಹಕ್ಕು ಇದೆ ಸರಿ. ಫೈಲು ಕೇಳಿ ತಗೊಂಡು ಬಂದು ಏನು ಮಾಡಲಿ, ಮತ್ತೆ ಅದೇ ಎಸ್‌ಒಬಿ, ಎಚ್‌ಟಿಎನ್ ಅಲ್ವಾ?

ಕುಷ್ಟಗಿ ಟು ಬೆಂಗಳೂರು:
ಅಬಾ ಕಾರ್ಡ್ ಮಾಡಿಸಿದ್ದೀರಾ? ದವಾಖಾನೆ ದಾಖಲೆ ಫೋನಿನಲ್ಲೇ ಸಿಗುವ ಹಾಗೆ ಸರ್ಕಾರ ಕೊಡುವ 14 ಅಂಕಿಯ ಆರೋಗ್ಯ ನಂಬರು ಅದು. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಶುರುವಾಯಿತು. ಗುಳೆ ಹೋಗುವವರ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಒದ್ದೆಯಾಗಿ ಹೋಗುವ ಕಾಟ ಅದರಿಂದ ತಪ್ಪುತ್ತದೆ. ಆದರೆ ಫೋನಿನೊಳಗೆ ಬರುವುದು ಇದೇ ಚೀಟಿಯ ಪಿಡಿಎಫ್ಫೇ, ಭಾಷೆ ಬದಲಾಗುವುದಿಲ್ಲ. ಅದಕ್ಕೆ ಈಗ ಎಲ್ಲರೂ ಮಾಡುತ್ತಿರುವುದು, ಫೋಟೋ ಹೊಡೆದು ಎಐಗೆ ಹಾಕಿ "ಕನ್ನಡದಲ್ಲಿ ಹೇಳು" ಅನ್ನುವುದು. ಸಾಮಾನ್ಯ ವಿಷಯಕ್ಕೆ ಪರವಾಗಿಲ್ಲ, ಕೆ/ಸಿ/ಒ ಅಂದರೆ ಮೊದಲೇ ಇದ್ದ ಕಾಯಿಲೆ ಅಂತ ಹೇಳಿಬಿಡುತ್ತದೆ. ಡೋಸಿಗೆ ಮಾತ್ರ ಅದನ್ನು ನಂಬಬೇಡಿ, ಡಾಕ್ಟರ ಕೈಬರಹವನ್ನು ಅದೂ ಊಹೆ ಮಾಡಿಯೇ ಓದುತ್ತದೆ. ಹಾಕುವ ಮೊದಲು ಹೆಸರು, ಫೋನ್ ನಂಬರ್ ಮುಚ್ಚಿ. ಊರ ವಾಟ್ಸ್ಯಾಪ್ ಗುಂಪಿಗೆ ಪೂರ್ತಿ ರಿಪೋರ್ಟ್ ಹಾಕಿ "ಯಾರಾದರೂ ಹೇಳಿ" ಅನ್ನುವವರಿಗಂತೂ ಕೈ ಮುಗಿಯುತ್ತೇನೆ. ಅದರಲ್ಲಿ ಎಚ್‌ಐವಿ ಟೆಸ್ಟಿನ ಸಾಲೂ ಇರುತ್ತದೆ ಸ್ವಾಮಿ.

ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಡಾಕ್ಟರು ಬರೆದ ಟಿಪ್ಪಣಿಯನ್ನು ರೋಗಿಗೆ ಆನ್‌ಲೈನ್‌ನಲ್ಲಿ ತಡ ಮಾಡದೆ ಸಿಗುವ ಹಾಗೆ ಮಾಡಬೇಕು ಅನ್ನುವ ನಿಯಮ ಜಾರಿಗೆ ಬಂತು. ರೋಗಿ ಓದುತ್ತಾನೆ ಅಂತಾದ ಮೇಲೆ ಬರೆಯುವ ಧಾಟಿ ಬಗ್ಗೆಯೂ ಮಾತು ಶುರುವಾಯಿತು. "ರೋಗಿ ನಿರಾಕರಿಸುತ್ತಾನೆ", "ಹೇಳಿದ ಮಾತು ಕೇಳುವುದಿಲ್ಲ" ಅಂತೆಲ್ಲ ಬರೆದದ್ದನ್ನು ಓದಿದರೆ ಯಾರಿಗಾದರೂ ಸಿಟ್ಟು ಬರಲ್ವಾ?

ಕೊಪ್ಪಳ ಸಿಸ್ಟರ್:
ಬರುತ್ತದೆ. ನಮ್ಮಲ್ಲೂ ನಾನ್ ಕಂಪ್ಲಯಂಟ್ ಅಂತ ಬರೆಯುತ್ತಾರೆ. ಗುಳಿಗೆ ಸರಿಯಾಗಿ ತೆಗೆದುಕೊಂಡಿಲ್ಲ ಅಂತ ಅರ್ಥ. ಕೇಳಿ ನೋಡಿದರೆ ಗುಳಿಗೆ ಮುಗಿದದ್ದು ಹತ್ತಿ ಬಿಡಿಸುವ ಹೊತ್ತಿನಲ್ಲಿ, ಕೂಲಿ ಬಿಟ್ಟು ದವಾಖಾನೆಗೆ ಬಂದು ಪಾಳಿ ಹಚ್ಚಿದರೆ ಆ ದಿನದ ಊಟ ಹೋಗುತ್ತದೆ. "ಗುಳಿಗೆ ಮುಗಿದಿತ್ತು, ಬರಲು ಆಗಲಿಲ್ಲ" ಅಂತ ಬರೆದರೆ ಮುಂದಿನ ಡಾಕ್ಟರು ಎರಡು ತಿಂಗಳ ಗುಳಿಗೆ ಒಟ್ಟಿಗೆ ಕೊಡುತ್ತಾರೆ. ನಾನ್ ಕಂಪ್ಲಯಂಟ್ ಅಂತ ಬರೆದರೆ ಬೈಯುತ್ತಾರೆ.

ಇನ್ನು ತಿಳಿಸಿ ಹೇಳುವ ಕೆಲಸ. ವಾರ್ಡಿನಲ್ಲಿ ನಾವು "ತಿಳೀತಾ?" ಅಂದರೆ ಎಲ್ಲರೂ "ಹ್ಞೂಂ ರೀ ಅಕ್ಕಾರೆ" ಅನ್ನುತ್ತಾರೆ. ತಿಳಿದಿರುವುದಿಲ್ಲ. ನಾನು ಗುಳಿಗೆ ಚೀಲವನ್ನು ಅವರ ಮಡಿಲಿಗೆ ಸುರಿದು, "ನಾಳೆ ಬೆಳಿಗ್ಗೆ ಎದ್ದಮೇಲೆ ಯಾವುದು ತಗೋತೀರಿ, ತೆಗೆದು ತೋರಿಸಿ" ಅನ್ನುತ್ತೇನೆ. ತಪ್ಪು ತೆಗೆದರೆ ಮತ್ತೆ ಹೇಳುತ್ತೇನೆ. ಇದನ್ನು ನರ್ಸಿಂಗ್ ಕಾಲೇಜಿನಲ್ಲೂ ಕಲಿಸುತ್ತಾರೆ, ವಾರ್ಡಿನಲ್ಲಿ ಪುರುಸೊತ್ತು ಸಿಗುವುದಿಲ್ಲ ಅಷ್ಟೇ. ಮತ್ತೆ, ಹೇಳುವುದು ಯಾರಿಗೆ ಅನ್ನುವುದೂ ಮುಖ್ಯ. ಬಿಲ್ಲು ಕಟ್ಟಲು ಬಂದ ಮಗನಿಗೆ ಹೇಳಿ ಕಳಿಸುತ್ತೇವೆ. ಮನೆಯಲ್ಲಿ ಗುಳಿಗೆ ಕೊಡುವವಳು ಸೊಸೆ, ಅವಳು ಊರಲ್ಲಿ ಇರುತ್ತಾಳೆ. ಅವಳಿಗೆ ಫೋನ್ ಹಚ್ಚಿ ಹೇಳಿದರೆ ಅರ್ಧ ಕೆಲಸ ಆದ ಹಾಗೆ.

ಲಿಂಗಸುಗೂರು ಮಾಸ್ತರ್:
ಸಿಸ್ಟರ್ ಹೇಳಿದ್ದು ಒಪ್ಪಿದೆ. ಹಾಗಾದರೆ ಫೈಲು ಹಾಗೇ ಇರಲಿ, ಅದರ ಮೇಲೆ ಅರ್ಧ ಹಾಳೆ ಮನೆಯವರಿಗೆ ಅಂತ ಬೇರೆ ಬರೆಯಲಿ. ಆ ಅರ್ಧ ಹಾಳೆಯಾದರೂ ನಾವು ಆಡುವ ಮಾತಿನಲ್ಲಿ ಇರಲಿ. ಗುಳಿಗೆ ಅಂತಲೇ ಬರೆಯಲಿ, ಮಾತ್ರೆ ಅಂತ ಬೇಡ.

ಮಾನ್ವಿ ಅಳಿಯ:
ನಾನೂ ಅದನ್ನೇ ಯೋಚನೆ ಮಾಡುತ್ತಿದ್ದೆ. ಮಾವನವರದ್ದನ್ನೇ ಬರೆದು ನೋಡಿದೆ, ತಪ್ಪಿದ್ದರೆ ತಿದ್ದಿ.

ಏನಾಗಿದೆ: ಹಾರ್ಟಿನ ಬಲ ಕಡಿಮೆ ಆಗಿದೆ, ಅದಕ್ಕೆ ಮೈಯಲ್ಲಿ ನೀರು ನಿಂತು ಕಾಲು ಬಾತು ದಮ್ಮು ಬರುತ್ತದೆ. ಶುಗರ್, ಬಿಪಿ ಮೊದಲಿನಿಂದಲೂ ಇದೆ.
ನಿಲ್ಲಿಸುವುದು: ಹಳೆಯ ಬಿಪಿ ಗುಳಿಗೆ.
ಹೊಸದು: ನೀರು ಇಳಿಸುವ ಗುಳಿಗೆ, ಬೆಳಿಗ್ಗೆ 1.
ಊಟ: ಉಪ್ಪು ಕಡಿಮೆ. ನೀರು ದಿನಕ್ಕೆ ಒಂದೂವರೆ ಲೀಟರ್.
ಮತ್ತೆ ಬರುವುದು: ಎರಡು ವಾರ ಬಿಟ್ಟು.

ಬಳ್ಳಾರಿ ಹೌಸ್ ಸರ್ಜನ್:
ಚೆನ್ನಾಗಿದೆ, ಆದರೆ "ಉಪ್ಪು ಕಡಿಮೆ" ಅಂದರೆ ಸಾರಿಗೆ ಉಪ್ಪು ಕಡಿಮೆ ಹಾಕಿ ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟುಕೊಳ್ಳುತ್ತಾರೆ. ಹೆಸರು ಹಿಡಿದು ಬರೆಯಿರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ, ಬೆಳಿಗ್ಗೆ ಹೋಟೆಲಿನ ಒಗ್ಗರಣೆ ಮಿರ್ಚಿ ಬೇಡ (ಬಳ್ಳಾರಿಯವನಾಗಿ ಇದನ್ನು ಬರೆಯಲು ನನಗೂ ಸಂಕಟ). ಒಂದೂವರೆ ಲೀಟರ್ ಅಂದರೆ ಚಹಾ, ಮಜ್ಜಿಗೆ, ಸಾರು ಎಲ್ಲ ಸೇರಿ. ಈ ಅಳತೆ ನಿಮ್ಮ ಮಾವನವರಿಗೆ ಅಂತ ಅವರ ಡಾಕ್ಟರು ಹೇಳಿದ್ದು, ಇನ್ನೊಬ್ಬ ಹಾರ್ಟ್ ಪೇಷಂಟ್ ಇದನ್ನೇ ನೋಡಿ ನೀರು ಕಡಿಮೆ ಮಾಡಬಾರದು.

ತೂಕ ಬಿಟ್ಟುಬಿಟ್ಟಿದ್ದೀರಿ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಕ ನೋಡಬೇಕು. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಊಟದ ತೂಕ ಅಲ್ಲ, ನೀರಿನದ್ದು. ಎರಡು ವಾರ ಕಾಯದೆ ಆ ದಿನವೇ ಬರಬೇಕು. ಮಲಗಿದರೆ ದಮ್ಮು ಹತ್ತಿ ಎದ್ದು ಕೂರುವ ಹಾಗೆ ಆದರೂ ಅಷ್ಟೇ. ಚೀಟಿಯಲ್ಲಿದ್ದ ಎಸ್‌ಒಎಸ್‌ಗೆ "ಬೇಕಾದರೆ ಬನ್ನಿ" ಅಂತ ಅರ್ಥ. ಯಾವಾಗ ಬೇಕಾಗುತ್ತದೆ ಅಂತ ಮನೆಯವರಿಗೆ ಹೇಗೆ ಗೊತ್ತಾಗಬೇಕು?

ಸಿರುಗುಪ್ಪ ಮೆಡಿಕಲ್:
ನಿಲ್ಲಿಸುವ ಸಾಲಿಗೆ ನೋವಿನ ಗುಳಿಗೆಯನ್ನೂ ಸೇರಿಸಿ. ಮೊಣಕಾಲು ನೋವು ಅಂತ ಡೈಕ್ಲೊಫೆನಾಕ್, ಐಬುಪ್ರೊಫೇನ್ ಕೇಳಿಕೊಂಡು ಬರುತ್ತಾರೆ. ಹಾರ್ಟಿನ ಬಲ ಕಡಿಮೆ ಇದ್ದವರಿಗೆ ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಕಿಡ್ನಿಗೂ ಕೆಟ್ಟದ್ದು. "ಹಳೆಯ ಬಿಪಿ ಗುಳಿಗೆ" ಅಂತ ಸುಮ್ನೆ ಬರೆಯಬೇಡಿ, ಮನೆಯಲ್ಲಿ ಮೂರು ಥರದ್ದು ಇರುತ್ತದೆ. ಗುಳಿಗೆ ಹೆಸರು ಬರೆದು, ಸಾಧ್ಯವಾದರೆ ಆ ಗುಳಿಗೆಯ ಸ್ಟ್ರಿಪ್ ಮೇಲೇ ಪೆನ್ನಿನಿಂದ ಅಡ್ಡಗೀಟು ಹಾಕಿ.

ಮಸ್ಕಿ ಆಶಾ:
ಹಾಳೆಯಲ್ಲಿ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯಿರಿ. ನೀರಿಗೆ ಒಂದು ಲೀಟರ್ ಬಾಟಲಿ ಮತ್ತು ಅರ್ಧ ಬಾಟಲಿ ಬರೆಯಿರಿ. ತೂಕದ ಮಿಷನ್ ಮನೆಯಲ್ಲಿ ಇರುವುದಿಲ್ಲ. ಪಕ್ಕದ ಉಪಕೇಂದ್ರದಲ್ಲಿ ಇರುತ್ತದೆ, ದಿನಾ ಆಗದಿದ್ದರೆ ವಾರಕ್ಕೆ ಎರಡು ಸಲವಾದರೂ ಬನ್ನಿ ಅಂತ ನಾನಾದರೆ ಹೇಳುತ್ತೇನೆ.

ಗಂಗಾವತಿ ವಕೀಲ:
ಈ ಅರ್ಧ ಹಾಳೆಗೆ ಡಾಕ್ಟರ ಸಹಿ ಇರಲಿ. ಸಹಿ ಇಲ್ಲದ ಕಾಗದವನ್ನು ಮುಂದೆ ಯಾರೂ ತಮ್ಮದು ಅನ್ನುವುದಿಲ್ಲ.

ಬಳ್ಳಾರಿ ಹೌಸ್ ಸರ್ಜನ್:
ಸಹಿ ಬೇಕು ಅಂದರೆ ನಮ್ಮ ಸರ್ ಒಪ್ಪಬೇಕು, ಅದಕ್ಕೆ ಟೈಮು ಹಿಡಿಯುತ್ತದೆ. ಅಲ್ಲಿಯವರೆಗೆ ಹಾರ್ಟು, ಶುಗರ್, ಟಿಬಿ, ಲಕ್ವ ಈ ನಾಲ್ಕಕ್ಕೆ ಖಾಲಿ ನಮೂನೆ ಜೆರಾಕ್ಸ್ ಮಾಡಿಸಿ ವಾರ್ಡಿನಲ್ಲಿ ಇಡಬಹುದು. ಬರೆಯಬೇಕಾದ್ದು ಗುಳಿಗೆ ಹೆಸರು ಮತ್ತು ತಾರೀಖು ಮಾತ್ರ ಅಂತಾದರೆ ನಾವು ಇಂಟರ್ನ್‌ಗಳು ಬರೆಯುತ್ತೇವೆ, ಸಿಸ್ಟರ್ ತೋರಿಸಿ ಹೇಳಲಿ.

ಕೊಪ್ಪಳ ಸಿಸ್ಟರ್:
ಹೇಳುತ್ತೇವೆ ಡಾಕ್ಟ್ರೇ. ಕೆಳಗೆ ಫೋನ್ ನಂಬರ್ ಅಂತ ಒಂದು ಜಾಗ ಬಿಡುತ್ತೀರಲ್ಲ, ಅಲ್ಲಿ ವಾರ್ಡಿನ ಲ್ಯಾಂಡ್‌ಲೈನ್ ಹಾಕಬೇಡಿ, ರಾತ್ರಿ ಅದನ್ನು ಎತ್ತೋಕೆ ಯಾರೂ ಇರುವುದಿಲ್ಲ. ದಮ್ಮು ಜಾಸ್ತಿ ಆದರೆ 108, ಏನಾದರೂ ಕೇಳಬೇಕು ಅಂದರೆ 104. ಅದರ ಪಕ್ಕದಲ್ಲಿ ಒಪಿಡಿ ಯಾವ ವಾರ, ಎಷ್ಟು ಗಂಟೆಗೆ, ಯಾವ ರೂಮು ಅಂತ ಬರೆಯಿರಿ.

ಮಾನ್ವಿ ಅಳಿಯ:
ಬರೆದುಕೊಂಡೆ. ಶುಗರ್‌ದು ಯಾರಾದರೂ ಶುರು ಮಾಡಿ, ಇನ್ಸುಲಿನ್ ಇರುವವರಿಗೆ ಬೇರೆ, ಗುಳಿಗೆ ಮಾತ್ರ ಇರುವವರಿಗೆ ಬೇರೆ ಮಾಡಬೇಕಾಗುತ್ತದೆ ಅನಿಸುತ್ತದೆ.